ಹಲಗೆ ಉಬ್ಬುವಷ್ಟು ಜಾಗ

ಮಾವ ತಿಂಗಳೊಳಗೆ ವಾಪಸು ಬರುತ್ತಾರೆ ಎಂದು ಗೊತ್ತಾದ ದಿನದಿಂದ ಸೊಸೆಗೆ ಬೇರೆ ಯೋಚನೆಯೇ ಇರಲಿಲ್ಲ. ಅವರು ಬರುವಷ್ಟರಲ್ಲಿ ದೋಣಿ ನೀರಿಗಿಳಿಯಲು ತಯಾರಾಗಿರಬೇಕು.

ದೋಣಿ ನೀರು ಕಂಡು ಏಳು ತಿಂಗಳಾಗಿತ್ತು. ಆವತ್ತು ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಇಬ್ಬರೂ ಬಲೆ ಎಳೆಯುತ್ತಿದ್ದಾಗ ಮಾವನ ಎಡಗೈ ಇದ್ದಕ್ಕಿದ್ದಂತೆ ಹಗ್ಗ ಬಿಟ್ಟಿತು. ಬಾಯಿ ಒಂದು ಪಕ್ಕಕ್ಕೆ ವಾಲಿತು. ಏನೋ ಹೇಳಲು ಹೋದರು, ಮಾತಿನ ಬದಲು ಜೊಲ್ಲು ಬಂತು. ಸೊಸೆ ಬಲೆಯನ್ನು ಅಲ್ಲೇ ಕೊಯ್ದು ಬಿಟ್ಟು, ಒಬ್ಬಳೇ ಹುಟ್ಟು ಹಾಕಿ ದಡ ಮುಟ್ಟಿಸಿದಳು. ಮರುದಿನ ನಾದಿನಿ ಕಾರು ತಂದು ಅಪ್ಪನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡ ಆಸ್ಪತ್ರೆ ಇತ್ತು, ಕೈಕಾಲಿಗೆ ವ್ಯಾಯಾಮ ಮಾಡಿಸುವವರಿದ್ದರು, ನಾದಿನಿಯ ಮನೆಯಲ್ಲಿ ಕೂತು ಬಳಸುವ ಕಕ್ಕಸೂ ಇತ್ತು. ದೋಣಿಯನ್ನು ಪಕ್ಕದ ದೋಣಿಯವನು ನಾಲ್ಕು ಜನರನ್ನು ಸೇರಿಸಿ ದಡಕ್ಕೆಳೆದು, ತಗಡಿನ ಚಪ್ಪರದ ಕೆಳಗೆ ಎರಡು ದಿಮ್ಮಿಗಳ ಮೇಲೆ ಬೋರಲು ಹಾಕಿಕೊಟ್ಟ. ಅವನನ್ನು ಎಲ್ಲರೂ ರೇಡಿಯೊ ಅನ್ನುತ್ತಿದ್ದರು. ಆರಿಸುವ ಗುಂಡಿ ಇಲ್ಲದ ರೇಡಿಯೊ.

ಫೋನಿನಲ್ಲಿ ನಾದಿನಿ ಸುತ್ತಿ ಬಳಸಿ ಮಾತಾಡುವವಳಲ್ಲ.

"ಅತ್ತಿಗೆ, ಅಪ್ಪ ಇಲ್ಲೇ ಇರ್ಲಿ ಅಂತ ನಾನು. ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನೀವೇ ಹೇಳಿ, ಅಣ್ಣನೇ ಬಿಟ್ಟು ಹೋದ್ಮೇಲೆ ಅಪ್ಪ ನಿಮ್ಮ ಜೊತೆ ಯಾವ ಲೆಕ್ಕದಲ್ಲಿ ಇರ್ಬೇಕು?"

"ಅವರನ್ನೇ ಕೇಳಿ."

"ಕೇಳ್ದೆ. ಏನಂದ್ರು ಗೊತ್ತಾ? 'ದೋಣಿ ಇದೆಯಲ್ಲ' ಅಂದ್ರು. ದೋಣಿ ಏನು, ಸಂಬಂಧಾನಾ?" ಅವಳು ಉಸಿರು ಬಿಟ್ಟಳು. "ಕೊನೆಗೆ ಹೀಗೆ ಒಪ್ಪಂದ ಆಗಿದೆ. ಬಂದ ತಿಂಗಳೊಳಗೆ ದೋಣಿ ನೀರಿಗಿಳಿದ್ರೆ ಅಲ್ಲೇ ಇರ್ತಾರೆ. ಇಲ್ಲಾಂದ್ರೆ ನನ್ನ ಜೊತೆ ವಾಪಸು. ಆಮೇಲೆ ಈ ವಿಷಯ ಯಾರೂ ಎತ್ತೋ ಹಾಗಿಲ್ಲ."

ಸೊಸೆ ಫೋನಿಟ್ಟು ನೇರ ಚಪ್ಪರಕ್ಕೆ ಹೋದಳು.

ನಾದಿನಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಸೊಸೆಯ ಗಂಡ, ಅಂದರೆ ಮಾವನ ಒಬ್ಬನೇ ಮಗ, ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ "ನಾಳೆ ಬರ್ತೀನಿ" ಎಂದು ಹೇಳಿ ಹೋದವನು. ನಾಳೆ ಎನ್ನುವುದು ಅವನ ಬಾಯಿಚಟ. ಸೂರು ಸರಿ ಮಾಡುವುದು ನಾಳೆ, ಕುಡಿಯುವುದು ಬಿಡುವುದು ನಾಳೆ. ಇನ್ನೊಬ್ಬಳ ಜೊತೆ ಬೇರೆ ಊರಲ್ಲಿ ಸಂಸಾರ ಹೂಡಿದ್ದಾನೆಂದು ಆಮೇಲೆ ತಿಳಿಯಿತು. ಅತ್ತೆ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಉಳಿದವರು ಇಬ್ಬರು, ಒಂದು ಸೂರಿನ ಕೆಳಗೆ, ನಡುವೆ ಇರಬೇಕಾದ ಮನುಷ್ಯನೇ ಇಲ್ಲದೆ. ಹದಿನೈದು ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ಹದಿನಾರನೇ ದಿನ ಮಾವ ತಟ್ಟೆಯ ಮುಂದೆ ಕೂತು ಹೇಳಿದ್ದರು:

"ಮೀನು ಮಾರೋದು ನಿಂಗೆ ಗೊತ್ತು. ಹಿಡಿಯೋದು ನಾನು ಕಲಿಸ್ತೀನಿ. ಇಬ್ಬರಿಗೆ ಒಂದು ಸಣ್ಣ ದೋಣಿ ಸಾಕು."

ಮಗನ ಹೆಸರು ಆ ಮನೆಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಯಾರೂ ಹಾಗೆಂದು ಗೊತ್ತು ಮಾಡಿಕೊಂಡಿರಲಿಲ್ಲ. ಬರಲಿಲ್ಲ, ಅಷ್ಟೆ.

ದೋಣಿ ಆರಿಸಲು ದಡದುದ್ದಕ್ಕೂ ಮೂರು ದಿನ ಅಲೆದಿದ್ದರು. ಮೊದಲನೆಯದು ಥಳಥಳ ಹೊಳೆಯುತ್ತಿತ್ತು. ಮಾರುವವನು ಹೆಮ್ಮೆಯಿಂದ "ಹೊಸ ಬಣ್ಣ ಕಣ್ರೀ" ಅಂದ. ಮಾವ "ಗೊತ್ತಾಗುತ್ತೆ. ಹುಣ್ಣಿನ ಮೇಲೆ ಪೌಡರ್ ಹಚ್ಚಿದ ಹಾಗಿದೆ" ಎಂದು ಮುಂದೆ ನಡೆದರು. ಮುಂದಿನದರ ಹತ್ತಿರ ಸೊಸೆಯ ಕೈಗೆ ಚಾಕು ಕೊಟ್ಟು, ದೋಣಿಯ ಕೆಳಗೆ ಅಂಗಾತ ಮಲಗಿಸಿದರು.

"ತಳದ ನಡುಮರದ ಉದ್ದಕ್ಕೂ ಚಾಕು ತುದಿ ಒತ್ತುತ್ತಾ ಹೋಗು. ಒಳಗೆ ಇಳೀತು ಅಂದ್ರೆ ಅಲ್ಲೇ ನಮಸ್ಕಾರ ಹೇಳಿ ಎದ್ದು ಬಾ."

ಇಳಿಯಿತು. ಎದ್ದು ಬಂದಳು. ಇನ್ನೊಂದರ ಒಳಗೆ ತಲೆ ಹಾಕಿಸಿ ಮೂಸಿಸಿದರು. ಮೀನಿನ ವಾಸನೆ ಬಂದರೆ ಪರವಾಗಿಲ್ಲ, ಅಣಬೆ ವಾಸನೆ ಬಂದರೆ ಮರ ಒಳಗೊಳಗೇ ಕೊಳೆಯುತ್ತಿದೆ ಎಂದರ್ಥ. ಹೀಗೆ ಐದು ದೋಣಿ ಬಿಟ್ಟ ಮೇಲೆ ಎರಡು ಉಳಿದವು. ಒಂದು ಉದ್ದ, ತೆಳ್ಳಗೆ, ವೇಗದ್ದು. ಇನ್ನೊಂದು ಗಿಡ್ಡ, ಅಗಲ ಹೊಟ್ಟೆಯದು, ನೋಡಲು ಕುರೂಪಿ. ಮಾವನ ಕಣ್ಣು ಉದ್ದದ್ದರ ಮೇಲಿತ್ತು. ಸೊಸೆ ಎರಡನ್ನೂ ಹತ್ತಿ ನಿಂತು ನೋಡಿದಳು. ಉದ್ದದ್ದು ಹೆಜ್ಜೆ ಇಟ್ಟ ಕಡೆಗೆಲ್ಲ ಓಲಾಡಿತು. ಗಿಡ್ಡದ್ದು ಮಿಸುಕಲಿಲ್ಲ.

"ಇದ್ರಲ್ಲಿ ನಂಗೆ ಭಯ ಆಗಲ್ಲ."

"ಹಾಗಾದ್ರೆ ಇದೇ," ಅಂದರು ಮಾವ. ಉದ್ದದ್ದರ ಕಡೆ ಮತ್ತೆ ತಿರುಗಿಯೂ ನೋಡಲಿಲ್ಲ.

ಅದನ್ನು ಸಜ್ಜು ಮಾಡಲು ಬಡಗಿಯನ್ನು ಕರೆಸಿದರು. ಆಗ ಬಡಗಿಗೆ ಕೈ ತುಂಬ ದೋಣಿ ಕೆಲಸ. ಬಂದವನೇ ಅಳತೆಪಟ್ಟಿ ಎಳೆದ.

"ಅದನ್ನ ಒಳಗಿಡಯ್ಯ," ಅಂದರು ಮಾವ. "ಹುಟ್ಟು ಹಾಕೋಳು ಇವಳು. ಇವಳ ಮೊಳದಲ್ಲೇ ಅಳೆ."

ಸೊಸೆ ಹಲಗೆಯ ಮೇಲೆ ಮೊಣಕೈ ಊರಿ ಕೈ ಚಾಚಿದಳು, ಬಡಗಿ ಬೆರಳ ತುದಿಯಲ್ಲಿ ಗೆರೆ ಎಳೆದ. ಕೂರುವ ಹಲಗೆಯಿಂದ ಕಾಲು ಒದೆಯುವ ಪಟ್ಟಿಗೆ ಎರಡು ಮೊಳ. ಹುಟ್ಟಿನ ಹಿಡಿ ಅವಳ ಮುಷ್ಟಿಯ ದಪ್ಪ. ದೋಣಿಯ ಅಂಚನ್ನು ಅವಳು ಬಗ್ಗಿ ಬಲೆ ಎಳೆಯುವ ಕಡೆ ಮೂರು ಬೆರಳು ತಗ್ಗಿಸಿದರು.

"ಎಲ್ಲಾ ಸರಿ, ನೀವೆಲ್ಲಿ ಕೂರ್ತೀರಿ?" ಎಂದ ಬಡಗಿ. ಮಾವ ಸೊಸೆಗಿಂತ ಒಂದು ಗೇಣು ಎತ್ತರ.

"ನಾನು ಎಲ್ಲಾದ್ರೂ ಮಡಚಿಕೊಂಡು ಕೂರ್ತೀನಿ ಬಿಡು."

ಹತ್ತು ವರ್ಷಕ್ಕೂ ಮೇಲೆ ಹಾಗೇ ಕೂತರು. ದೋಣಿಯಿಂದ ಇಳಿದಾಗಲೆಲ್ಲ ಮೊಣಕಾಲು ಹಿಡಿದುಕೊಂಡು ಬೈಯುತ್ತಿದ್ದರು.

ದೋಣಿ ನೋಡಿಕೊಳ್ಳುವ ಕೆಲಸ ಮಾತ್ರ ಅವರೊಬ್ಬರದೇ. ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಮೂರು ವಾರ ದಡಕ್ಕೆಳೆದು, ಹಲಗೆ ಹಲಗೆ ನಡುವಿನ ಸಂದಿಯಿಂದ ಹಳೆಯದನ್ನು ಕೆರೆದು ತೆಗೆದು, ಹತ್ತಿಯ ನೂಲನ್ನು ಕೊಡತಿಯಿಂದ ತಟ್ಟಿ ಕೂರಿಸಿ, ಮೇಲೆ ಎಣ್ಣೆಯಲ್ಲಿ ನಾದಿದ ಮೆತ್ತನೆಯ ಪುಟ್ಟಿ ತುಂಬುತ್ತಿದ್ದರು. ಹೊತ್ತು ಏರುವವರೆಗೂ ಸೊಸೆ ಮಾರುಕಟ್ಟೆಯಲ್ಲಿರುತ್ತಿದ್ದಳು, ಬಂದ ಮೇಲೆ ಬಣ್ಣ ಹಚ್ಚುವುದಷ್ಟೇ ಅವಳ ಪಾಲು. ನೀರಿಗಿಳಿಸಿದ ಮೇಲೆ ಮಾವ ದೋಣಿಯನ್ನು ಒಂದೆರಡು ದಿನ ಅಂಚಿನವರೆಗೆ ಮುಳುಗಿಸಿ ಇಡುತ್ತಿದ್ದರು. ತೊಳೆಯುವುದಕ್ಕಿರಬೇಕು ಎಂದು ಸೊಸೆ ಅಂದುಕೊಂಡಿದ್ದಳು. ಒಮ್ಮೆ ಕೇಳಿದ್ದಳು:

"ಪ್ರತಿ ವರ್ಷ ಈ ಮೆತ್ತಗಿರೋದೇ ಯಾಕೆ ಮಾವ? ಕಿತ್ತು ಬರುತ್ತೆ. ಗಟ್ಟಿ ಯಾವುದಾದ್ರೂ ಹಾಕಿದ್ರೆ ಒಂದೇ ಸಲಕ್ಕೆ ಮುಗೀತಿತ್ತು."

ಮಾವನ ಬಾಯಲ್ಲಿ ನೂಲಿತ್ತು. "ಹ್ಞೂಂ" ಅಂದು ತಟ್ಟುತ್ತಲೇ ಇದ್ದರು. ಯಾವುದನ್ನೂ ಬಿಡಿಸಿ ಹೇಳದೆ ಕೆಲಸ ಮುಂದುವರಿಸುವುದು ಅವರ ಕೆಟ್ಟ ಗುಣ. ಕಲಿಸ್ತೀನಿ ಎಂದವರು ಬಲೆ ಕಲಿಸಿದರು, ಗಾಳಿ ನೋಡುವುದು ಕಲಿಸಿದರು. ಇದೊಂದನ್ನು ಕಲಿಸಲಿಲ್ಲ.

ಈಗ ಚಪ್ಪರದ ಕೆಳಗೆ ಬಗ್ಗಿ ನೋಡಿದರೆ ದೋಣಿಯ ಒಳಗೆ ಬೆಳಕಿನ ಗೆರೆಗಳು ಕಂಡವು. ಏಳು ತಿಂಗಳ ಒಣಹವೆಗೆ, ತಗಡಿನ ಕಾವಿಗೆ, ಹಲಗೆಗಳು ಕುಗ್ಗಿ ಒಂದನ್ನೊಂದು ಬಿಟ್ಟಿದ್ದವು. ಕೆಲವು ಸಂದಿಗಳಲ್ಲಿ ಕಿರುಬೆರಳು ಹೋಗುತ್ತಿತ್ತು. ಹಳೆಯ ಪುಟ್ಟಿ ಬಿಸ್ಕತ್ತಿನಂತೆ ಒಡೆದು ಮರಳಿನ ಮೇಲೆ ಬಿದ್ದಿತ್ತು.

ಕೇಳಲು ಯಾರಿದ್ದರು? ದಡದಲ್ಲಿ ಉಳಿದವೆಲ್ಲ ಫೈಬರ್ ದೋಣಿಗಳು. ಬಡಗಿ ದೋಣಿ ಬಿಟ್ಟು ಪೇಟೆಯಲ್ಲಿ ಬಾಗಿಲು ಕಿಟಕಿ ಮಾಡುತ್ತಾನೆಂದು ಗೊತ್ತಿತ್ತು; ದೋಣಿ ಕೆಲಸಕ್ಕೆ ಅವನಿನ್ನು ಬರಲಾರ ಎಂದುಕೊಂಡಳು. ಮಾವನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಸಂದಿ ಬಿಟ್ಟಿದೆ ಎಂದರೆ ಅಲ್ಲೇ ಕೈಚೆಲ್ಲಿ ಕೂತಾರು ಎಂಬ ಭಯ ಒಂದು. ಎಲ್ಲ ತಾನೇ ಮಾಡಿ ತೋರಿಸಬೇಕೆಂಬ ಹಟ ಇನ್ನೊಂದು. ಪೇಟೆಯ ಬಣ್ಣದ ಅಂಗಡಿಗೆ ಹೋದಳು.

ಅಂಗಡಿಯವನು ಎರಡು ಡಬ್ಬಿ ತೆಗೆದಿಟ್ಟ. "ಇದ್ರಲ್ಲಿ ಅರ್ಧ, ಅದ್ರಲ್ಲಿ ಅರ್ಧ. ಕಲಸಿ ಕಾಲು ಗಂಟೆಯೊಳಗೆ ತುಂಬ್ಬೇಕು. ಆಮೇಲೆ ಕಲ್ಲು ಅಂದ್ರೆ ಕಲ್ಲು."

"ನೀರಿಗೆ ಬಿಡಲ್ವಾ?"

"ಅಯ್ಯೋ ಅಕ್ಕ, ದೋಣಿ ಹೋದ್ರೂ ಇದು ಹೋಗಲ್ಲ!"

ಅವನು ಸುಳ್ಳು ಹೇಳಿರಲಿಲ್ಲ. ಯಾವ ದೋಣಿಗೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹತ್ತೊಂಬತ್ತು ದಿನ ಹಿಡಿಯಿತು. ಬೆಳಗಿನ ವ್ಯಾಪಾರ ಮುಗಿಸಿ ಬಂದು, ಮೂಗಿಗೆ ಬಟ್ಟೆ ಕಟ್ಟಿ, ಅಂಗೈಯಗಲ ತಗಡಿನ ಮೇಲೆ ಅಂಟು ಕಲಸಿ ಸಂದಿಗೆ ಒತ್ತುತ್ತಿದ್ದಳು. ಅದರ ಘಾಟಿಗೆ ತಲೆ ಸಿಡಿಯುತ್ತಿತ್ತು. ಬೆರಳ ತುದಿಗಳು ಮೊದಲು ಕೆಂಪಾದವು, ಆಮೇಲೆ ಬೊಬ್ಬೆ ಎದ್ದವು, ಆಮೇಲೆ ಬಿರಿದವು. ಮೀನಿನ ಬುಟ್ಟಿಯ ಉಪ್ಪುನೀರು ತಗುಲಿದರೆ ಪ್ರಾಣ ಹೋಗುತ್ತಿತ್ತು. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಎರಡು ಸಲ ನೀಲಿ ಬಣ್ಣ ಹೊಡೆದಳು. ರೇಡಿಯೊ ಬಂದು ನೋಡಿ, ಜೀವನದಲ್ಲಿ ಮೊದಲ ಸಲ ಅರ್ಧ ನಿಮಿಷ ಸುಮ್ಮನಿದ್ದ.

"ಅಕ್ಕಾ, ಇದು ದೋಣಿನಾ ಕನ್ನಡೀನಾ? ನಂದಕ್ಕೂ ಸ್ವಲ್ಪ ಬಳೀರಿ. ನನ್ನ ಮುಖಕ್ಕೂ ಬಳೀರಿ."

ಮಾವ ಬಂದರು. ನಾದಿನಿ ಕಾರಿನಿಂದ ಚೀಲ ಇಳಿಸುವಷ್ಟರಲ್ಲಿ ಕೋಲು ಊರಿಕೊಂಡು, ಎಡಗಾಲು ಎಳೆಯುತ್ತಾ, ಮನೆಗೂ ಹೋಗದೆ ಚಪ್ಪರಕ್ಕೆ ನಡೆದರು. ಸೊಸೆ ಹಿಂದೆಯೇ ಹೋದಳು. ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ.

ಮಾವ ಬಲಗೈಯ ಹೆಬ್ಬೆರಳಿನ ಉಗುರನ್ನು ಒಂದು ಸಂದಿಯ ಮೇಲೆ ಇಟ್ಟು ಎಳೆದರು. ಉಗುರು ಜಾರಿತು. ಒತ್ತಿದರು. ಇಳಿಯಲಿಲ್ಲ. ಅಲ್ಲಿಂದ ಮುಂದಿನ ಸಂದಿಗೆ ಹೋದರು. ಹೀಗೆ ಇಡೀ ದೋಣಿಗೆ ಒಂದು ಸುತ್ತು ಬಂದರು. ತುಂಬ ಹೊತ್ತು ಹಿಡಿಯಿತು.

"ಚೆನ್ನಾಗಿ ಮಾಡಿದ್ದೀಯ," ಅಂದರು ಕೊನೆಗೆ.

"ಒಂದು ಸಂದೀನೂ ಬಿಟ್ಟಿಲ್ಲ ಮಾವ."

"ಹೌದು. ಒಂದೂ ಬಿಟ್ಟಿಲ್ಲ." ಅವರು ಅವಳ ಕೈ ನೋಡುತ್ತಿದ್ದರು. "ಬೆರಳಿಗೆ ಎಣ್ಣೆ ಹಚ್ಕೋ."

ನಾದಿನಿ ಹೊರಡುವಾಗ ಕಾರಿನ ಕಿಟಕಿಯಿಂದ "ಒಂದು ತಿಂಗಳು ಅಪ್ಪ, ನೆನಪಿರ್ಲಿ" ಎಂದಳು. ಮಾವ ಕೈಯೆತ್ತಿದರು.

ಮೊದಲ ವಾರ ಸೊಸೆ ಒತ್ತಾಯ ಮಾಡಲಿಲ್ಲ. ಮೈ ಸುಧಾರಿಸಲಿ ಎಂದು ಬಿಟ್ಟಳು. ಎರಡನೇ ವಾರ ಮಾವ ಗಾಳಿ ಸರಿಯಿಲ್ಲ ಅಂದರು. ಆಮೇಲೆ ಹೊಳೆಯ ಸೆಳೆತ ಜಾಸ್ತಿ ಅಂದರು. ಲಂಗರಿನ ಹಗ್ಗ ಹಳೆಯದು ಅಂದರು. ಅವಳು ಹೊಸದು ತಂದಳು. ಹುಟ್ಟಿಗೆ ಕಟ್ಟುವ ಚರ್ಮ ಸವೆದಿದೆ ಅಂದರು. ಅದನ್ನೂ ತಂದು ಕಟ್ಟಿದಳು. ಬೆಳಿಗ್ಗೆ ಅವಳು ಮಾರುಕಟ್ಟೆಗೆ ಹೊರಟ ಮೇಲೆ ಮಾವ ಚಪ್ಪರಕ್ಕೆ ಹೋಗಿ ದೋಣಿಯ ಹಿಂದೆ, ಚಪ್ಪರದ ಹಿಂಬದಿಯ ಗೋಡೆಯ ಕಡೆಗೆ, ನೆರಳಲ್ಲಿ ಕೂರುತ್ತಿದ್ದರು. ಅವಳು ಬಂದು ಕರೆದರೆ ಎದ್ದು ಬರುತ್ತಿದ್ದರು. ಅಂಗಿಯ ಮೇಲೆ ಬಿಳಿ ಪುಡಿ.

"ಮರಳಲ್ಲಿ ಮಲಗಿದ್ರಾ?"

"ಹ್ಞೂಂ."

ಒಂದು ದಿನ ಅವರ ಹೆಬ್ಬೆರಳಲ್ಲಿ ನೀಲಿ ಬಣ್ಣ ಇತ್ತು. ಕೇಳಿದರೆ, ಒಣಗಿದೆಯೋ ಎಂದು ಮುಟ್ಟಿ ನೋಡಿದೆ ಅಂದರು. ಬಣ್ಣ ಒಣಗಿ ತಿಂಗಳಾಗುತ್ತಾ ಬಂದಿತ್ತು. ಸೊಸೆಗೆ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು. ಮಾವನಿಗೆ ಧೈರ್ಯ ಹೋಗಿದೆ. ಮಗಳ ಮನೆಯ ಸುಖ ಹಿಡಿಸಿದೆ. ಬಾಯಿಬಿಟ್ಟು ಹೇಳಲಾಗದೆ ದಿನ ತಳ್ಳುತ್ತಿದ್ದಾರೆ.

ತಿಂಗಳು ತುಂಬಲು ಐದು ದಿನ ಇತ್ತು. ಸಂಜೆ ಚಹಾ ಕೊಟ್ಟು ಕೇಳಿದಳು:

"ಬೆಳಿಗ್ಗೆ ಇಳಿಸೋಣ್ವಾ? ಗಾಳಿ ಇಲ್ಲ, ಸೆಳೆತ ಇಲ್ಲ, ಹಗ್ಗ ಹೊಸದು. ಇನ್ನೇನು ನೆಪ ಇದೆ?"

ಮಾವ ಲೋಟದೊಳಗೆ ನೋಡಿದರು. "ನಾಳೆ ನೋಡೋಣ."

ಅವಳಿಗೆ ಮೈಯೆಲ್ಲ ಉರಿಯಿತು.

"ನಾಳೆ! ಈ ಮನೆ ಗಂಡಸರಿಗೆ ಅದೊಂದು ಮಾತು ಬಿಟ್ರೆ ಬೇರೆ ಕಲಿಸೇ ಇಲ್ವಾ? ಒಬ್ರು ನಾಳೆ ಅಂದು ಬಾಗಿಲು ದಾಟಿ ಹೋದ್ರು. ನೀವು ಕೂತಲ್ಲೇ ಹೋಗ್ತಿದ್ದೀರಿ. ಅಷ್ಟೇ ವ್ಯತ್ಯಾಸ. ಮಗಳ ಮನೆಗೆ ಹೋಗ್ಬೇಕು ಅಂತಿದ್ರೆ ಹೇಳಿ ಹೋಗಿ, ನಿಮ್ಮ ಮಗನ ಹಾಗೆ ನನ್ನ ಕಾಯಿಸ್ಬೇಡಿ."

ಹನ್ನೊಂದು ವರ್ಷ ಯಾರೂ ಮುಟ್ಟದಿದ್ದದ್ದು ಈಗ ನಡುಮನೆಯಲ್ಲಿ ಬಿದ್ದಿತ್ತು. ಮಾವ ಲೋಟ ಕೆಳಗಿಟ್ಟರು. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಸಿಟ್ಟು ಬಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಆಯ್ತು," ಅಂದರು. "ಇಳಿಸು."

ಮರುದಿನ ಬೆಳಿಗ್ಗೆ ರೇಡಿಯೊ ನಾಲ್ಕು ಜನರನ್ನು ಕರೆತಂದ. ದೋಣಿಯನ್ನು ಮಗುಚಿ, ದಿಮ್ಮಿಗಳ ಮೇಲೆ ಉರುಳಿಸಿ, ಕೂಗು ಹಾಕುತ್ತಾ ನೀರಿಗಿಳಿಸಿದರು. ಮಾವ ಕೋಲು ಊರಿ ನೀರಿನಂಚಿನಲ್ಲಿ ನಿಂತಿದ್ದರು.

"ಕಟ್ಟಿ ಬಿಡಿ. ಯಾರೂ ಹತ್ತಬೇಡಿ. ಎರಡು ದಿನ ಹಾಗೇ ಇರ್ಲಿ."

"ಮುಳುಗಿಸಿಡೋದು ಬೇಡ್ವಾ?" ಅಂದಳು ಸೊಸೆ, ಸ್ವಲ್ಪ ಚುಚ್ಚುವಂತೆ. "ತೊಳೆಯೋ ಹಾಗೇ ಇಲ್ಲ, ಅಷ್ಟು ಚೊಕ್ಕಟ ಇದೆ."

ಮಾವ ಕಟ್ಟಿದ ಹಗ್ಗದ ಗಂಟನ್ನು ಕೋಲಿನ ತುದಿಯಿಂದ ಒತ್ತಿ ನೋಡಿದರು.

ಸಂಜೆ ಹೋಗಿ ನೋಡಿದಳು. ಒಳಗೆ ಒಂದು ಹನಿ ನೀರಿಲ್ಲ. ಹೊಸ ಫೈಬರ್ ದೋಣಿಯೂ ಅಷ್ಟು ಒಣಗಿರುವುದಿಲ್ಲ. ರೇಡಿಯೊ ದಡದಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಬಿತ್ತರಿಸಿದ. ಸೊಸೆ ಹಗುರಾಗಿ ಮನೆಗೆ ಬಂದಳು. ಹಿಂದಿನ ಸಂಜೆಯ ಮಾತಿಗೆ ನಾಚಿಕೆಯೂ ಆಗಿತ್ತು. ಮೊದಲ ಮೀನು ಹಿಡಿದು ಬಂದ ಮೇಲೆ ಕ್ಷಮೆ ಕೇಳಿದರಾಯಿತು ಅಂದುಕೊಂಡಳು. ಅವಳ ನಾಳೆಯೂ ಶುರುವಾಗಿತ್ತು.

ಮರುದಿನ ಅವಳು ಹುಟ್ಟು ಹೊತ್ತು ಹೊರಟಾಗ ಮಾವ ಬಾಗಿಲಿಗೆ ಅಡ್ಡ ಕೋಲು ಹಿಡಿದರು. "ಇನ್ನೊಂದು ದಿನ. ಇದೊಂದು ಮಾತು ಕೇಳು." ಕೇಳಿದಳು. ಗೆದ್ದವರಿಗೆ ಮಾತು ಕೇಳುವುದು ಸುಲಭ. ಮಧ್ಯಾಹ್ನ ದೋಣಿಯ ಹತ್ತಿರ ಬಲೆ ಬಿಡಿಸುತ್ತಿದ್ದಾಗ ಒಳಗಿನಿಂದ 'ಟಕ್' ಎಂದು ಸದ್ದಾಯಿತು, ಬೆರಳು ನೆಟಿಗೆ ಮುರಿದಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಹಗ್ಗ ಎಳೆದುಕೊಂಡಿರಬೇಕು ಎಂದು ಸುಮ್ಮನಾದಳು.

ಮೂರನೇ ದಿನ ಬೆಳಗಾಗುತ್ತಲೇ ರೇಡಿಯೊ ಓಡಿ ಬಂದ. ಮಾತೇ ಆಡಲಿಲ್ಲ. ಕೈ ತೋರಿಸಿದ.

ದೋಣಿ ಅಂಚಿನವರೆಗೆ ಮುಳುಗಿತ್ತು. ದಡಕ್ಕೆಳೆದು ನೀರು ಹೊರಹಾಕಿದ ಮೇಲೆ ಕಂಡಿತು: ಒಳಗಿನ ಪಕ್ಕೆಲುಬಿನಂಥ ಬಾಗುಮರಗಳು ಒಂದಲ್ಲ, ಏಳು, ನಡುವೆ ಪಟಪಟನೆ ಮುರಿದಿದ್ದವು. ಕೆಳಗಿನ ಒಂದು ಹಲಗೆ ಮೊಳೆಗಳನ್ನು ಕಿತ್ತುಕೊಂಡು ಹೊರಗೆ ಎದ್ದು ನಿಂತಿತ್ತು. ಅವಳು ತುಂಬಿದ ಅಂಟು ಮಾತ್ರ ಎಲ್ಲೂ ಬಿಟ್ಟಿರಲಿಲ್ಲ. ಅಂಗಡಿಯವನು ಹೇಳಿದ ಹಾಗೇ.

ಅವಳು ಮಾವನ ಕಡೆ ತಿರುಗಿದಳು. "ಏನಾಯ್ತು ಇದಕ್ಕೆ?"

"ಹಳೇ ಮರ," ಅಂದರು ಮಾವ. "ಅಷ್ಟೇ ಆಯುಸ್ಸು."

"ಗೊತ್ತಿತ್ತಾ ನಿಮಗೆ?"

"ಅನುಮಾನ ಇತ್ತು."

"ಮತ್ತೆ ಹೇಳೋಕೆ ಏನಾಗಿತ್ತು? ನಾನು ಇಷ್ಟು ದಿನ ಕೈ ಸುಟ್ಕೊಂಡು..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣೀರು ದೋಣಿಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ನಾದಿನಿ ಬಂದಳು. ಅವಳು ಗೆದ್ದವಳಂತೆ ನಡೆದುಕೊಳ್ಳಲಿಲ್ಲ. ದೋಣಿ ನೋಡಿ ಬಂದು, ಅಪ್ಪನ ಔಷಧಿ, ಬಟ್ಟೆ ಸೇರಿಸಿ ಚೀಲ ಕಟ್ಟಿದಳು. ಮಾವ ಹೊರಡುವಾಗ ಸೊಸೆಗೆ ಎರಡೇ ಮಾತು ಹೇಳಿದರು.

"ಹುಟ್ಟು ಒಳಗಿಡು, ಬಿಸಿಲಿಗೆ ಬಿಡಬೇಡ. ಬೆರಳು ವಾಸಿಯಾಯ್ತಾ?"

"ಆಯ್ತು."

ಕಾರು ಹೋಯಿತು. ಅವಳು ಕ್ಷಮೆ ಕೇಳಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ದೋಣಿ ಮುರಿಯುವವರೆಗೂ ಕೂತವರು ಅವರು ಎಂದು ಅವಳ ಮನಸ್ಸಿನಲ್ಲಿ ಇನ್ನೂ ಕುದಿಯುತ್ತಿತ್ತು.

ವಾರ ಕಳೆದು ಬಡಗಿ ಬಂದ, ದೋಣಿ ಬಿಚ್ಚಿ ಮರ ಒಯ್ಯಲು. ಬಾಗಿಲ ಚೌಕಟ್ಟಿಗೆ ಆಗುವಷ್ಟು ಹಲಗೆ ಇವೆ, ಕೊಡುವುದಾದರೆ ಕೊಡಿ ಎಂದು ಹೇಳಿ ಕಳಿಸಿದ್ದ. ಈಗ ಅವನಿಗೂ ತಲೆ ಪೂರ್ತಿ ನರೆತಿತ್ತು.

"ತಗೊಂಡು ಹೋಗಿ ಅಣ್ಣ," ಅಂದಳು ಸೊಸೆ. "ಹಳೇ ಮರ, ಎಷ್ಟು ಉಪಯೋಗಕ್ಕೆ ಬರುತ್ತೋ."

ಬಡಗಿ ಸುತ್ತಿಗೆ ಹಿಡಿದವನು ಹಾಗೇ ನಿಂತ. "ಹಳೇ ಮರ ಅಂತ ಯಾರಂದ್ರು?"

"ಮಾವ."

"ಈ ಮರ ಇನ್ನೂ ನಲವತ್ತು ವರ್ಷ ಬರ್ತಿತ್ತು ತಂಗಿ." ಅವನು ಹಲಗೆಗೆ ಗೆಣ್ಣಿನಿಂದ ತಟ್ಟಿದ. ಗಂಟೆಯಂಥ ಸದ್ದು. "ಕೇಳು, ಗಂಟೆ. ಇದು ಸತ್ತಿದ್ದು ಮುಪ್ಪಿನಿಂದ ಅಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಬಡಗಿ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತ. ಹೇಳಲು ಅವನಿಗೂ ಇಷ್ಟವಿದ್ದಂತೆ ಕಾಣಲಿಲ್ಲ.

"ನೀರಿನ ಹೊರಗೆ ಮರ ಒಣಗಿ ಕುಗ್ಗುತ್ತೆ, ಸಂದಿ ಬಿಡುತ್ತೆ. ಅದು ರೋಗ ಅಲ್ಲ. ನೀರಿಗೆ ಮುಳುಗಿಸಿಟ್ರೆ ಕುಡಿದು ಉಬ್ಬಿ ತಾನೇ ಮುಚ್ಕೊಳ್ಳುತ್ತೆ. ಅದಕ್ಕೇ ಸಂದೀಲಿ ಮೆತ್ತಗಿರೋದು ಹಾಕೋದು. ಹಲಗೆ ಉಬ್ಬಿದಾಗ ಅದು ಹಿಂಡಿ ಹೊರಗೆ ಬಂದು ಜಾಗ ಬಿಡುತ್ತೆ. ನೀನು ಆ ಜಾಗಕ್ಕೆ ಕಲ್ಲು ತುಂಬಿದೆ. ಮರಕ್ಕೆ ಉಬ್ಬೋಕೆ ಜಾಗ ಇಲ್ಲ, ಉಬ್ಬದೇ ಇರೋಕೆ ಆಗಲ್ಲ. ಪಕ್ಕೆಮರ ಮುರೀದೆ ಇನ್ನೇನು ಮಾಡುತ್ತೆ?"

ದೂರದಲ್ಲಿ ರೇಡಿಯೊ ಯಾರನ್ನೋ ಬೈಯುತ್ತಿರುವುದು ಕೇಳುತ್ತಿತ್ತು. ಸೊಸೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು.

"ಮಾವನಿಗೆ..."

"ಬಂದ ದಿನಾನೇ ಗೊತ್ತಾಗಿತ್ತು. ಮಾರನೇ ದಿನ ಬಸ್ಸು ಹತ್ತಿ ನನ್ನ ಹತ್ರ ಬಂದ್ರು, ಆ ಕಾಲಲ್ಲಿ. ಬಿಡಿಸೋಕೆ ಆಗುತ್ತಾ ಅಂದ್ರು. ಆಗಲ್ಲ ಅಂದೆ. ಉಳಿ ಹಾಕಿದ್ರೆ ಹಲಗೆ ಅಂಚೇ ಕಿತ್ತು ಬರುತ್ತೆ. ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆರೀಬೇಕು, ಇಡೀ ದೋಣಿಗೆ ಎರಡು ವರ್ಷ ಬೇಕು ಅಂದೆ. 'ಸಣ್ಣ ಉಳಿ ಇದ್ರೆ ಕೊಡು' ಅಂದ್ರು. ಕೊಟ್ಟೆ. ಯಾರಿಗೂ ಹೇಳಲ್ಲ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ದೋಣಿ ಇರೋವರೆಗೆ ಹೇಳ್ಲಿಲ್ಲ, ಈಗ ದೋಣಿ ಇಲ್ಲ. ಆ ಉಳಿ ಎಲ್ಲಿದೆ? ನಂಗೆ ವಾಪಸು ಬೇಕು."

ಉಳಿ ಚಪ್ಪರದಲ್ಲೇ, ಗೋಡೆಯ ಬಿರುಕಿನಲ್ಲಿ ಸಿಕ್ಕಿಸಿತ್ತು. ಕೆಳಗೆ ಮರಳಿನಲ್ಲಿ ಬಿಳಿ ಪುಡಿಯ ಸಣ್ಣ ಗುಡ್ಡೆ, ಒಂದು ತುಂಡು ಹತ್ತಿ ನೂಲು, ನೀಲಿ ಬಣ್ಣ ಅಂಟಿದ ಚಿಂದಿ. ಬಡಗಿ ದೋಣಿಯ ಆಚೆ ಮಗ್ಗುಲಿಗೆ, ಆಗ ಗೋಡೆಯ ಕಡೆಗಿದ್ದ ಮಗ್ಗುಲಿಗೆ ಹೋಗಿ ಬಗ್ಗಿದ.

"ಇಲ್ಲಿ ನೋಡು."

ಒಂದು ಸಂದಿಯಲ್ಲಿ ಬಣ್ಣ ಸುಕ್ಕುಗಟ್ಟಿ, ಮೆತ್ತನೆಯ ಪುಟ್ಟಿ ಹಿಂಡಿಕೊಂಡು ಹೊರಗೆ ಬಂದಿತ್ತು. ಎರಡು ಹಲಗೆಗಳೂ ಅಲ್ಲಿ ಉಬ್ಬಿ ಒಂದಕ್ಕೊಂದು ಒತ್ತಿ ಕೂತಿದ್ದವು. ಮೊಳೆ ಕಿತ್ತಿರಲಿಲ್ಲ. ಅಲ್ಲಿ ಏನೂ ಮುರಿದಿರಲಿಲ್ಲ. ಒಂದೇ ಕೈ ಸ್ವಾಧೀನದಲ್ಲಿದ್ದ ಮನುಷ್ಯ ಇಪ್ಪತ್ತು ಚಿಲ್ಲರೆ ದಿನ, ಅವಳು ಮಾರುಕಟ್ಟೆಯಲ್ಲಿದ್ದಾಗ, ಕೂತು ಕೆರೆದದ್ದು ಅಷ್ಟು. ದೋಣಿಯಲ್ಲಿ ಅಂಥ ಸಂದಿಗಳು ಎಷ್ಟೋ ಮಾರು ಇದ್ದವು. ಮೂರ್ಖತನದ ಕೆಲಸ. ಹೇಳಿಬಿಟ್ಟಿದ್ದರೆ ಅವಳು ಒಂದು ದಿನ ಅಳುತ್ತಿದ್ದಳು, ಅಷ್ಟೆ. ಇಬ್ಬರೂ ಸೇರಿ ಬೇರೆ ದೋಣಿ ನೋಡಬಹುದಿತ್ತೋ ಏನೋ. ಹೇಳಲಿಲ್ಲ.

ಅವಳು ಫೋನು ಮಾಡಿದಳು. ನಾದಿನಿ ಎತ್ತಿ, "ಅಪ್ಪಾ, ಅತ್ತಿಗೆ" ಎಂದು ಕೊಟ್ಟಳು.

"ಮಾವ."

"ಹ್ಞಾ."

"ಬಡಗಿ ಬಂದಿದ್ದಾರೆ."

"ಬಾಯಿ ಬಿಟ್ನಾ?"

"ಬಿಟ್ರು."

"ಅವನ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ."

"ಮಾವ, ಅವತ್ತು ನಾನು ಆಡಿದ ಮಾತು..."

"ಹುಟ್ಟು ಒಳಗಿಟ್ಟೆಯಾ?"

"ಇಟ್ಟೆ. ವಾಪಸು ಬನ್ನಿ ಮಾವ."

"ಬಂದು ಏನು ಮಾಡ್ಲಿ ಹೇಳು."

ಅವರು ಸಿಟ್ಟಿನಿಂದ ಕೇಳಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಿದ್ದವರಂತೆ ಕಾದರು. ಸುಮ್ಮನೆ ಏನಾದರೂ ಹೇಳಬೇಕೆಂದು, "ನೀವು ಮಾಡಿದ್ದು ಹಾಗೇ ಗಟ್ಟಿ ನಿಂತಿದೆ ಮಾವ. ಆ ಒಂದು ಮೊಳ" ಎಂದಳು.

"ಒಂದು ಮೊಳ ನಾಲ್ಕು ಬೆರಳು," ಅಂದರು ಮಾವ. ಹಿಂದಿನಿಂದ ಯಾರೋ ವ್ಯಾಯಾಮದ ಹೊತ್ತಾಯಿತು ಎಂದು ಕರೆದರು. ಫೋನು ಇಟ್ಟ ಸದ್ದಾಯಿತು.

ಸೊಸೆ ದೋಣಿಯ ಪಕ್ಕ ಮಂಡಿಯೂರಿದಳು. ಮೆತ್ತನೆಯ ಪುಟ್ಟಿ ಶುರುವಾಗುವಲ್ಲಿ ಮೊಣಕೈ ಊರಿ ಕೈ ಚಾಚಿದಳು. ನಡುಬೆರಳ ತುದಿ ಮುಟ್ಟಿದ ಜಾಗದಿಂದ ಇನ್ನೊಂದು ಕೈಯ ನಾಲ್ಕು ಬೆರಳು ಜೋಡಿಸಿಟ್ಟಳು. ಅಲ್ಲಿಗೆ ಸರಿಯಾಗಿ ಮುಗಿಯಿತು. ಮಾವನ ಕೈ ತನ್ನದಕ್ಕಿಂತ ಎಷ್ಟೋ ಉದ್ದ. ಅವರ ಮೊಳದಲ್ಲಿ ಅದು ಒಂದು ಮೊಳ ಆಗುವಂತೆಯೇ ಇರಲಿಲ್ಲ. ಇಲ್ಲೂ ಅವಳ ಮೊಳದಲ್ಲೇ ಲೆಕ್ಕ ಇಟ್ಟಿದ್ದರು.

ಬಡಗಿ ಅಷ್ಟರಲ್ಲಿ ಈಚೆ ಮಗ್ಗುಲಿನ ಹಲಗೆಗಳನ್ನು ಕಿತ್ತು ಒಂದರ ಮೇಲೊಂದು ಪೇರಿಸಿದ್ದ.

"ಅದನ್ನೂ ಬಿಚ್ಲಾ ತಂಗಿ?"

"ಬಿಚ್ಚಿ," ಅಂದಳು. ಕೈ ಮಾತ್ರ ತೆಗೆಯಲಿಲ್ಲ. ಬಡಗಿ ಸುತ್ತಿಗೆ ಹಿಡಿದುಕೊಂಡು ಕಾದ.